ಗೀಸರಿನಲ್ಲಿದ್ದ ತಣ್ಣೀರು

ಗೆಳೆಯರೇ, ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ವಾರವಾರವೂ ಗುಡ್ಡ ಸುತ್ತುವ ನನ್ನ ನಾದಿನಿ ಈ ಕೊಲ್ಲಿ ದೇಶಕ್ಕೆ, ನಮ್ಮಲ್ಲಿಗೆ ಬಂದಿದ್ದಾಳೆ. ಇಂದು ಸಂಜೆ ನಮ್ಮ ಮಕ್ಕಳನ್ನು ನಾವಿರುವ ಜಿಂಜ್ ಬಡಾವಣೆಯ ಬೀದಿಗಳಲ್ಲಿ ವಾಕಿಂಗಿಗೆ ಕರೆದೊಯ್ದಳು. ಆಗಸ್ಟ್ ತಿಂಗಳಲ್ಲಿ! ಮಕ್ಕಳು ಬೇಯಿಸಿದ ಸಿಗಡಿಯಂತೆ ಕೆಂಪಾಗಿ ಬಂದರು. ತಣ್ಣೀರು ಹೊಯ್ಯೋಣವೆಂದು ಬಚ್ಚಲಿಗೆ ಓಡಿದೆ. ಇಲ್ಲಿ ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕುದಿಯುತ್ತದೆ. ಆರಿಸಿಟ್ಟ ಗೀಸರಿನೊಳಗೆ ನಿಂತು ತಣಿದದ್ದೇ ನಮ್ಮ ತಣ್ಣೀರು. ಆ ಗೀಸರಿನ ನಲ್ಲಿ ತಿರುಗಿಸಿದರೆ ಹಬೆ ಬಂತು.

"ಗೀಸರ್ ಹಾಕ್ಲಿಕ್ಕೆ ನಿಮಗೆ ಮರ್ತುಹೋಗಿತ್ತು ಅತ್ತಿಗೆ, ನಾನೇ ಹಾಕಿ ಹೋಗಿದ್ದೆ," ಎಂದಳು ನಾದಿನಿ, ಪ್ರೀತಿಯಿಂದ. "ನಡೆದು ಬಂದವರಿಗೆ ಬಿಸಿನೀರೇ ಆಗ್ಬೇಕಲ್ಲ?"

ಈಗ ಬಕೆಟ್ಟುಗಳನ್ನು ಎಸಿಯ ಕೆಳಗಿಟ್ಟು, ನೀರು ತಣಿಯಲೆಂದು ಎಲ್ಲರೂ ಸುತ್ತ ಕೂತಿದ್ದೇವೆ. ನಾದಿನಿ ಮೊಬೈಲ್ ನೋಡುತ್ತ ಹಿಗ್ಗುತ್ತಿದ್ದಾಳೆ: "ನಾಳೆಯೂ ಒಳ್ಳೆ ಬಿಸಿಲುಂಟಂತೆ ಅತ್ತಿಗೆ!"