ಹೊಳವಾದ ದಿನ

"ಹೊಳವಾಯ್ತು ಮಾರಾಯ್ತಿ, ಬಟ್ಟೆ ತಂದು ಹಾಕು!" ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೂಗಿದರು. ಜಡಿಮಳೆ ನಿಂತು ವಿದ್ಯಾನಗರದ ನಮ್ಮ ಬೀದಿಗೆ ಬಿಸಿಲು ಬಿದ್ದರೆ ಎಲ್ಲರ ಮುಖವೂ ಅರಳುತ್ತದೆ. ನಿಮ್ಮದೂ ಅರಳೀತು. ನಾನು ಮಾತ್ರ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹೊಸ್ತಿಲಲ್ಲೇ ನಿಂತುಬಿಡುತ್ತೇನೆ. ಬಿಸಿಲಿಗೆ ಹೆದರುವ ಹೆಂಗಸು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ನನ್ನ ತಮ್ಮ ರಾಘು ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನು ಓಡಿಸುತ್ತಿದ್ದ. ಆ ಕೆಲಸ ತಪ್ಪಿದ ಮೇಲೆ ಹಿಮಾಲಯಕ್ಕೆ ಹೋಗಿ, ರಸ್ತೆಗೆ ಬಿದ್ದ ಹಿಮ ಸರಿಸುವ ಡೋಜರ್ ಹತ್ತಿದ. ಹಿಮವೆಂದರೆ ನನಗೆ ಗೊತ್ತಿದ್ದದ್ದು ಫ್ರಿಜ್ಜಿನ ಮೇಲಿನ ಖಾನೆಯಷ್ಟೇ. ಅವನು ರಜೆಗೆ ಬಂದು, ಗುಡ್ಡದ ಹಿಮ ಇಡಿಯಾಗಿ ರಸ್ತೆಗೆ ಜಾರುವ ಸುದ್ದಿ ಹೇಳಿದಾಗ, "ಅಷ್ಟು ದೊಡ್ಡ ಹಿಮ ಹ್ಯಾಗೋ ಜಾರುತ್ತೆ?" ಎಂದು ಕೇಳಿದೆ. ಅಮ್ಮನ ಮೊರ ಎಳೆದುಕೊಂಡ. ರವೆ ಹರವಿ, ಮೇಲೆ ಅಕ್ಕಿಹಿಟ್ಟು ಸುರಿದು, ಅಂಗೈಯಿಂದ ಒತ್ತಿ ಗಟ್ಟಿ ಮಾಡಿದ.

"ನೋಡಕ್ಕ, ಮೇಲೆ ಗಟ್ಟಿ. ನಡೆದ್ರೂ ಏನಾಗಲ್ಲ ಅನ್ಸುತ್ತೆ. ಅಡಿಯಲ್ಲಿ ಹಳೇ ಹಿಮ ಹೀಗೇ ಉದುರುದುರು." ಮೊರ ಓರೆ ಮಾಡಿ ಬೆರಳಿನಿಂದ ಒಂದು ಗೀರು ಎಳೆದ. ಹಿಟ್ಟು ಸೀಳಿ, ಇಡಿಯಾಗಿ ಅಮ್ಮನ ಮಡಿಲಿಗೆ ಜಾರಿತು.

"ಒಳ್ಳೇ ಹಿಟ್ಟು ಹಾಳು ಮಾಡಿದ್ಯಲ್ಲೋ!" ಎಂದು ಅಮ್ಮ ಬೈದಳು.

"ಹಿಮ ಬೀಳೋವಾಗ ನಾವು ಹೊರಗೇ ಹೋಗಲ್ಲಮ್ಮ. ಬಿದ್ದು ನಿಂತು ಬಿಸಿಲು ಬರುತ್ತಲ್ಲ, ಆವಾಗ್ಲೇ ಭಯ. ಬಿಸಿಲಿಗೆ ಸಡಿಲಾಗಿ ಜಾರುತ್ತೆ."

ಕೇಳಿಸಿಕೊಂಡೆವು. ಆದರೆ ಮಳೆಯಲ್ಲೇ ಬೆಳೆದವರ ತಲೆಗೆ ಅದು ಹೇಗೆ ಇಳಿಯಬೇಕು, ನೀವೇ ಹೇಳಿ. ನಮಗೆ ಹೊಳವಾಯಿತೆಂದರೆ ಕಷ್ಟ ಕಳೆಯಿತೆಂದೇ ಲೆಕ್ಕ.

ಅವನು ವಾಪಸು ಹೋದ ಮೇಲೆ ಒಂದು ಬೆಳಿಗ್ಗೆ ಫೋನು ಮಾಡಿದ. "ಹಿಮ ನಿಂತಿದೆ ಅಮ್ಮ, ಒಳ್ಳೇ ಬಿಸಿಲು. ಕೆಲಸಕ್ಕೆ ಹೋಗ್ತೀನಿ."

"ಸದ್ಯ, ಬಿಸಿಲು ಬಂತಲ್ಲ!" ಎಂದಳು ಅಮ್ಮ. ನನಗೂ ಹಗುರವಾಯಿತು. ಆ ಖುಷಿಗೇ ಭದ್ರಾವತಿಯ ಅಮ್ಮನ ಮನೆಯ ತಾರಸಿ ಹತ್ತಿ ಇಬ್ಬರೂ ಸಂಡಿಗೆ ಇಟ್ಟೆವು. ಅದು ಒಣಗುವ ಮೊದಲೇ ಕಾಂಟ್ರಾಕ್ಟರ್ ಕಡೆಯವರ ಫೋನು ಬಂತು. ಗುಡ್ಡದ ಹಿಮ ಜಾರಿದೆ. ಡೋಜರ್ ಸಿಕ್ಕಿದೆ, ರಾಘು ಸಿಕ್ಕಿಲ್ಲ.

ಹಿಮ ಕರಗಿದಾಗ ಸಿಗುತ್ತಾನೆ ಎಂದರು. ಅಂದಿನಿಂದ ಅಮ್ಮ ಬಿಸಿಲಿಗೇ ಕೈಮುಗಿಯತೊಡಗಿದಳು. ಮಗನನ್ನು ತಿಂದ ಬಿಸಿಲನ್ನೇ ಬೇಡಿಕೊಳ್ಳುವ ಗತಿ ಯಾವ ತಾಯಿಗೂ ಬರಬಾರದು. ಬೇಸಿಗೆಗಳು ಬಂದು ಹೋದವು. ಅಮ್ಮ ನನ್ನ ಮನೆಗೆ ಬಂದಳು. ಹೊಳವಾದಾಗಲೆಲ್ಲ ಅದೇ ಒಂದು ಪ್ರಶ್ನೆ ಕೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ.

ಇವತ್ತೂ ಒಳಗಿನಿಂದ ಕೇಳಿದಳು. "ಅಲ್ಲೂ ಬಿಸಿಲು ಬಂದಿರುತ್ತೇನೇ?"

ನನಗೆ ಸಾಕಾಗಿತ್ತು. "ಬಂದ್ರೂ ಅವನು ಸಿಗಲ್ಲಮ್ಮ" ಅಂದುಬಿಟ್ಟೆ.

ಅಮ್ಮ ಎದ್ದು ಹೊಸ್ತಿಲ ತನಕ ಬಂದಳು. "ನಂಗೆ ಯಾವಾಗ್ಲೋ ಗೊತ್ತು ಕಣೇ. ನೀನು ಹೂಂ ಅಂತಿದ್ಯಲ್ಲ, ನಿಂಗಿನ್ನೂ ಆಸೆ ಇದೆ ಅಂದ್ಕೊಂಡು ಕೇಳ್ತಿದ್ದೆ" ಎಂದಳು.

ಬಕೆಟ್ಟು ಕೆಳಗಿಟ್ಟೆ. ಆಸೆ ಇಟ್ಟುಕೊಂಡಿರುವುದು ಅವಳು ಎಂದುಕೊಂಡಿದ್ದೆ ನಾನು.