ಉಸಿರು ತಾಗಿಸಿದ ಕಲ್ಲು

ಬೆಳಿಗ್ಗೆ ಹನ್ನೊಂದೂಕಾಲು. ಆ ಹೊತ್ತಿಗೆ ಇವತ್ತಿಗೂ ನನ್ನ ಕೈ ತಾನಾಗಿ ನಿಲ್ಲುತ್ತದೆ. ಹೋದ ತಿಂಗಳು ಅದೇ ಹೊತ್ತಿಗೆ ಕಿಟಕಿ ಒರೆಸುತ್ತಿದ್ದೆ. ಅಲ್ಲಿಟ್ಟಿದ್ದ ಕಲ್ಲನ್ನು ಎತ್ತಿ, ಬಾಯಿಗೆ ಹತ್ತಿರ ಹಿಡಿದು ಉಸಿರು ಬಿಟ್ಟೆ. ಅದರ ಒಂದು ಬದಿಗೆ ಸಿಪ್ಪೆಯಂತೆ ಉಳಿದಿದ್ದ ಹಳೆಯ ಹೊರಪದರದಿಂದ ಒದ್ದೆ ಮಣ್ಣಿನ ವಾಸನೆ ಬಂತು. ಹಿಂದೆಯೇ ಮೇಡಂ ನೆನಪಾದರು...

ನಮಗೆ ಭೂವಿಜ್ಞಾನ ಕಲಿಸುತ್ತಿದ್ದವರು ಅವರು. ಯಾವ ಕಲ್ಲು ಸಿಕ್ಕರೂ ಮೊದಲು ಉಸಿರು ತಾಗಿಸಿ ಮೂಸುತ್ತಿದ್ದರು. ಮಣ್ಣಿನ ವಾಸನೆ ಗಾಢವಾಗಿದ್ದರೆ ಎಸೆಯುತ್ತಿದ್ದರು. ಗಾಳಿ ಮಳೆಗೆ ಕೆಟ್ಟ ಕಲ್ಲನ್ನು ಪರೀಕ್ಷಿಸಿದರೆ ತಾನು ಹುಟ್ಟಿದ ಬಗೆಯ ಬಗ್ಗೆ ಅದು ಸುಳ್ಳು ಹೇಳುತ್ತದಂತೆ. ಚೆಂದದ ಕಲ್ಲೊಂದನ್ನು ಪರೀಕ್ಷೆಗೆ ಪುಡಿ ಮಾಡಲು ನಾನು ಹಿಂದೆಮುಂದೆ ನೋಡಿದಾಗ ನಕ್ಕಿದ್ದರು: "ಪೂಜೆಗಿಟ್ಕೊಳ್ಳೋಕೆ ತಂದ್ಯೇನೇ? ಪುಡಿ ಆದ್ರೇನೇ ಅದು ಬಾಯಿ ಬಿಡೋದು."

ವರ್ಷಗಳ ಹಿಂದೆ ಒಂದು ದಿನ ಮೇಡಂ ಮತ್ತು ನಾನು ಕೊರಟಗೆರೆಯಿಂದ ಖಾಸಗಿ ಬಸ್ಸಿನಲ್ಲಿ ಹೊರಟೆವು. ಮಧುಗಿರಿ ಬೆಟ್ಟ ಕಂಡಾಗ, "ನಾವು ನೋಡಕ್ಕೆ ಹೋಗ್ತಿರೋದು ಇದಕ್ಕಿಂತ ವಯಸ್ಸಲ್ಲಿ ಹಿರೀದು ಕಣೇ" ಎಂದರು. ಕಳ್ಳಂಬೆಳ್ಳದಾಚೆಯ ಕ್ವಾರಿಯೊಂದರಲ್ಲಿ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಲಾವಾ ಹೊರಬಿದ್ದಿತ್ತು. ಸಮುದ್ರದಡಿಯಲ್ಲಿ ಉಕ್ಕಿ, ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾದ ಲಾವಾ. ಭೂಮಿಯ ಫಲಕಗಳು ಬೇರೆಯಾಗುವ ಕಡೆ ಅದು ಹುಟ್ಟಿತೋ, ಒಂದು ಫಲಕ ಇನ್ನೊಂದರಡಿ ಮುಳುಗುವ ಕಡೆಯೋ? ಅವರಿಗೆ ಅದು ತಿಳಿಯಬೇಕಿತ್ತು. ಅದಕ್ಕೆ ಕೆಡದ ಒಳಗಲ್ಲು ಬೇಕು. ಅದು ಸಿಗುವುದು ಹೊಸದಾಗಿ ಸಿಡಿಸಿದ ಗೋಡೆಯಲ್ಲಿ. ಆ ವಾರದೊಳಗೆ ಅಷ್ಟೂ ಜಲ್ಲಿಯಾಗುವುದಿತ್ತು.

ಕ್ವಾರಿಯ ಮೇಸ್ತ್ರಿ ಅಡ್ಡ ಬಂದ. "ಹೋಗ್ಬೇಡಿ ಕಣಮ್ಮ. ನೆನ್ನೆ ಸಿಡಿಸ್ಬುಟ್ಟವ್ರೆ, ಮ್ಯಾಲೆ ಸಡ್ಲ ಐತೆ."

"ಇನ್ನೂರೈವತ್ತು ಕೋಟಿ ವರ್ಷ ನಿಂತಿದೆಯಪ್ಪ. ಇನ್ನೈದು ನಿಮಿಷ ನಿಲ್ಲಲ್ವಾ?"

"ಅಷ್ಟ್ ವರ್ಸ ಅದುಕ್ಕೆ ಯಾರೂ ಮದ್ದು ತುಂಬಿರ್ಲಿಲ್ವಲ್ಲಮ್ಮ!"

ಮೂವರೂ ನಕ್ಕೆವು. ನಕ್ಕದ್ದೇ ಈಗ ಹೆಚ್ಚು ಕಾಡುತ್ತದೆ.

ಮೇಡಂ ಗೋಡೆಗೆ ಹೋಗಿ ಒಂದು ದಿಂಬಿನ ಅಂಚು ಒಡೆದರು, ಒಡೆದ ಒಳಮೈಗೆ ಉಸಿರು ತಾಗಿಸಿ ಮೂಸಿದರು, ಮುಖ ಅರಳಿತು. "ಹಿಡ್ಕೋ, ಇದು ನಿಜ ಹೇಳುತ್ತೆ." ಅದನ್ನು ಚೀಲಕ್ಕೆ ಹಾಕಲು ನಾನು ಈಚೆ ಬಂದೆ. ಭಾರದ ಬೀರು ಎಳೆದಂಥ ಸದ್ದು. ತಿರುಗಿದರೆ ಬರೀ ದೂಳು... ಹನ್ನೊಂದೂಕಾಲು. ಮೇಸ್ತ್ರಿಯೂ ಅವನ ಆಳುಗಳೂ ಬರಿಗೈಯಲ್ಲೇ ಕಲ್ಲು ಸರಿಸಿದರು. ಶಿರಾ ಆಸ್ಪತ್ರೆ ಮುಟ್ಟುವ ಮೊದಲೇ ಮೇಡಂ ಹೋಗಿಬಿಟ್ಟಿದ್ದರು.

ಆಮೇಲೆ ವರ್ಷಗಟ್ಟಲೆ ಆ ಸದ್ದಿಗೆ ನಿದ್ದೆಯಿಂದ ಎದ್ದು ಕೂರುತ್ತಿದ್ದೆ. ಅವರ ಸಹೋದ್ಯೋಗಿಯೊಬ್ಬರು ಆ ಕಲ್ಲನ್ನು ಪರೀಕ್ಷೆಗೆಂದು ಹಲವು ಸಲ ಕೇಳಿದರು. ಆ ಗೋಡೆ ಯಾವುದೋ ರಸ್ತೆಗೆ ಜಲ್ಲಿಯಾಗಿ ಹೋಗಿತ್ತು. ಉಳಿದಿದ್ದು ಇದೊಂದೇ. ಸಿಪ್ಪೆ ತೆಗೆದರೆ ಉಳಿಯುವುದು ಸ್ವಲ್ಪ, ಅಷ್ಟನ್ನೂ ಅರೆಯಬೇಕು. ಆಗುವುದಿಲ್ಲ ಎನ್ನುತ್ತಲೇ ಬಂದೆ. ಮೇಡಂ ಕೈ ಮುಟ್ಟಿದ ಕೊನೆಯದು ನನ್ನ ಕಿಟಕಿಯಲ್ಲಿರಲಿ ಎಂದು.

ಹೋದ ತಿಂಗಳು ಉಸಿರು ತಾಗಿಸಿದಾಗ ಅವರ ನಗು ಕೇಳಿಸಿತು. ಪೂಜೆಗಿಟ್ಟುಕೊಂಡಿದ್ದೆ, ನಿಜವೇ.

ನಿನ್ನೆ ಪ್ರಯೋಗಾಲಯಕ್ಕೆ ಹೋಗಿ ಕೊಟ್ಟೆ. ಅರೆಯುವ ಯಂತ್ರದ ಸದ್ದು ನಿಲ್ಲುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಬೂದುಹಸಿರು ಪುಡಿ, ಒಂದು ಸಣ್ಣ ಡಬ್ಬಿಯಷ್ಟು. ಅದು ಏನು ಹೇಳುತ್ತದೋ ತಿಳಿಯಲು ಇನ್ನೂ ದಿನ ಹಿಡಿಯುತ್ತದೆ. ತಿಳಿದ ಮೇಲೆ ಮೊದಲು ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲ.

ರಾತ್ರಿ ಖಾಲಿ ಕಿಟಕಿಯ ಕೆಳಗೆ ನಾನು ಮಲಗಿದೆ. ಆ ಸದ್ದು ಎಬ್ಬಿಸಲಿಲ್ಲ; ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು.