ಅರ್ಧ ಮಿಲಿಮೀಟರಿನ ಹೊಣೆ

ಶುಕ್ರವಾರ ಬೆಳಗ್ಗೆ ನಾಲ್ಕೂಕಾಲಿಗೆ ಲೀಲಾಧರ ಆಚಾರ್ಯರು ಮೂರನೇ ಸಲ ಕೈ ತೊಳೆಯುತ್ತಿದ್ದಾರೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಉಗುರಿನ ಸಂದಿಗೆ ಒಂದು ಹಳೆಯ ಟೂತ್‌ಬ್ರಷ್. ತೊಳೆದ ಕೈಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ ಅನ್ನಿಸುತ್ತದೆ. ನಾಲ್ಕನೇ ಸಲ ತೊಳೆಯುತ್ತಾರೆ.

ಬಹರೈನಿನ ದಕ್ಷಿಣದಲ್ಲಿ, ಮನೆಗಳು ಮುಗಿದು ಮರಳು ಶುರುವಾಗುವ ಕಡೆ ಇರುವ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನ ರಿಪೇರಿ ಕೋಣೆ ಇದು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಬಟ್ಟೆಯ ಮೇಲೆ ಹೊಟ್ಟೆ ತೆರೆದುಕೊಂಡು ಮಲಗಿರುವ ಹದಿನಾಲ್ಕು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು. ಒಂದೊಂದರ ಪಕ್ಕದಲ್ಲೂ ಕಿರುಬೆರಳಿನ ತುದಿಯಷ್ಟು ದೊಡ್ಡ ಹಳದಿ ತುಂಡು. ನೋಡಲು ರಬ್ಬರಿನ ಹಾಗಿದೆ, ಮುಟ್ಟಿದರೆ ಗಟ್ಟಿ. ಇದರ ಹೆಸರು ರಿಕಾಯಿಲ್ ಬಫರ್. ಕ್ಲಬ್ಬಿನಲ್ಲಿ ಗುಂಡು ಹೊಡೆಯುವವರಲ್ಲಿ ಬಹಳ ಮಂದಿ ಇದನ್ನು ಕಣ್ಣಿನಿಂದ ನೋಡಿದವರಲ್ಲ.

ಏಳು ಗಂಟೆಗೆ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ. ಇವೇ ಹದಿನಾಲ್ಕು ರೈಫಲ್‌ಗಳು ಅಲ್ಲಿ ನಡೆಯಬೇಕು. ಅವು ಎಲ್ಲೂ ನಿಲ್ಲದೆ ನಡೆದರೆ, ಎರಡು ತಿಂಗಳಿನಿಂದ ರೈಫಲ್‌ಗಳು ನಡುವೆ ನಿಲ್ಲುತ್ತಿದ್ದ ತೊಂದರೆಗೆ ಲೀಲಾಧರರೇ ಕಾರಣ ಎಂದು ಸಾಬೀತಾಗುತ್ತದೆ. ನಿಂತರೆ, ಗುಂಡಿನ ಸ್ಟೋರು ನೋಡಿಕೊಳ್ಳುವ ಶರೀಫ್ ಕೆಲಸ ಬಿಟ್ಟು ಊರಿಗೆ ಹೋಗಬೇಕು. ಟುಬ್ಲಿ ಊರಿನಲ್ಲಿರುವ ತಮ್ಮ ಕೋಣೆಯಿಂದ ಹೊರಡುವ ಮೊದಲು ಲೀಲಾಧರರು ದೇವರ ಪಟಕ್ಕೆ ಕೈಮುಗಿದು ಬಂದಿದ್ದಾರೆ. ತಪ್ಪು ತನ್ನದೇ ಆಗಲಿ ಎಂದು ಕೇಳಿಕೊಂಡಿದ್ದಾರೆ.

ಬಾಗಿಲು ತಳ್ಳಿಕೊಂಡು ಶರೀಫ್ ಎರಡು ಲೋಟ ಕರಕ್ ಚಾ ಹಿಡಿದು ಬರುತ್ತಾರೆ. ವಿಟ್ಲದ ಕಡೆಯ ಬ್ಯಾರಿ ಮುಸ್ಲಿಮರು, ಐವತ್ತೈದರ ಹತ್ತಿರ.

"ಎಂತ ಆಚಾರ್ರೇ, ಮದುಮಗನ ಹಾಗೆ ಕೈ ತೊಳೀತಾ ಇದ್ದೀರಿ?"

"ಅಲ್ಲೇ ನಿಲ್ಲಿ ಬ್ಯಾರಿಗಳೇ. ನಿಮ್ಮ ತಲೆಯ ಎಣ್ಣೆ ಸಾಕು ನನ್ನ ಬಫರ್ ಉಬ್ಬಿಸ್ಲಿಕ್ಕೆ."

"ತಲೆಯಲ್ಲಿ ಕೂದಲೇ ಇಲ್ಲ ಮಾರಾಯ್ರೆ. ಎಣ್ಣೆ ಎಲ್ಲಿಗೆ ಹಾಕೂದು?"

ಇಬ್ಬರೂ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ಶರೀಫ್ ಚಹಾ ಲೋಟವನ್ನು ಮೇಜಿನಿಂದ ದೂರ, ಕಿಟಕಿಯ ದಂಡೆಯ ಮೇಲೆ ಇಟ್ಟು ಗೋಡೆಗೆ ಒರಗಿ ನಿಲ್ಲುತ್ತಾರೆ. ಲೀಲಾಧರರು ಹೊಸ ಬಟ್ಟೆಯಲ್ಲಿ ಕೈ ಒರೆಸಿ ಮೊದಲನೇ ಹಳದಿ ತುಂಡನ್ನು ಎತ್ತಿಕೊಳ್ಳುತ್ತಾರೆ.

ಬಫರ್ ಮಾಡುವ ಕೆಲಸ ಸಣ್ಣದು. ಗುಂಡು ಹಾರಿದಾಗ ಅದರ ಒತ್ತಡಕ್ಕೆ ರೈಫಲ್ಲಿನ ಒಳಗಿರುವ ಬೋಲ್ಟ್ ಎಂಬ ಕಬ್ಬಿಣದ ತುಂಡು ರಭಸದಿಂದ ಹಿಂದೆ ಬರುತ್ತದೆ. ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಮುಂದಿನ ಗುಂಡನ್ನು ಎಳೆದುಕೊಂಡು ಹೋಗುತ್ತದೆ. ಹಿಂದೆ ಬಂದ ಬೋಲ್ಟ್ ನೇರವಾಗಿ ಕಬ್ಬಿಣಕ್ಕೆ ಬಡಿಯದ ಹಾಗೆ ನಡುವೆ ಕೂರುವುದು ಈ ಬಫರ್.

"ಬಾಗಿಲು ಗೋಡೆಗೆ ಬಡೀಬಾರ್ದು ಅಂತ ಹಿಂದೆ ಒಂದು ರಬ್ಬರ್ ಇಡ್ತಾರಲ್ಲ, ಅದೇ ಇದು" ಎನ್ನುತ್ತಾರೆ ಲೀಲಾಧರರು. "ಹೊಡೆಯುವವರು ಬಂದು ಹೇಳ್ತಾರೆ, ಬಫರ್ ಹಾಕಿದ ಮೇಲೆ ಭುಜಕ್ಕೆ ಏಟೇ ಗೊತ್ತಾಗುದಿಲ್ಲ ಅಂತ. ನಾನು ಹೌದು ಹೌದು ಅಂತೇನೆ. ಆದ್ರೆ ಇದು ಭುಜಕ್ಕೆ ಇಟ್ಟದ್ದಲ್ಲ, ಕಬ್ಬಿಣಕ್ಕೆ ಇಟ್ಟದ್ದು. ಈ ಸಣ್ಣ ರೈಫಲ್ಲಿನಲ್ಲಿ ಭುಜಕ್ಕೆ ಏಟು ಎಲ್ಲಿ ಉಂಟು? ಏಟು ತಿನ್ನುದು ಒಳಗೆ ಇರುವವ."

ಅಭ್ಯಾಸದ ದಿನ ಹದಿನಾಲ್ಕು ರೈಫಲ್‌ಗಳಿಂದ ಸುಮಾರು ಸಾವಿರದ ಐನೂರು ಗುಂಡು ಹಾರುತ್ತವೆ. ಇದು ಲೀಲಾಧರರು ಹೇಳುವ ಲೆಕ್ಕ, ಕ್ಲಬ್ಬಿನ ದಾಖಲೆ ಪುಸ್ತಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಒಂದು ಗುಂಡಿಗೆ ಒಂದು ಬಡಿತ. ವಾರಕ್ಕೆ ನಾಲ್ಕು ಅಭ್ಯಾಸದ ದಿನ. ಸಂಜೆ ಅವರು ಹದಿನಾಲ್ಕನ್ನೂ ಬಿಚ್ಚುತ್ತಾರೆ, ಮಸಿ ತೆಗೆಯುತ್ತಾರೆ, ಧೂಳು ಊದುತ್ತಾರೆ, ಎಣ್ಣೆ ಹಚ್ಚಿ ಕೂಡಿಸುತ್ತಾರೆ. ಎಡಗಿವಿ ಮಂದವಾಗಿದೆ. ಬಲಗೈಯ ಹೆಬ್ಬೆರಳು ಚಳಿಗಾಲದ ಬೆಳಗ್ಗೆ ಬಗ್ಗುವುದಿಲ್ಲ. ವಯಸ್ಸು ಐವತ್ತೆರಡು.

ಎಣ್ಣೆ ಹಚ್ಚುವುದು ಅವರಿಗೆ ತಂದೆಯಿಂದ ಬಂದ ಅಭ್ಯಾಸ. ಸುಳ್ಯದ ಹತ್ತಿರ ಅವರ ತಂದೆ ಲೈಸೆನ್ಸಿನ ಕೋವಿಗಳನ್ನು ರಿಪೇರಿ ಮಾಡುತ್ತಿದ್ದರು. ಚುನಾವಣೆ ಬಂದಾಗ ಊರಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕಿತ್ತು. ಠಾಣೆಯ ಮೂಲೆಯಲ್ಲಿ ಮೂರು ತಿಂಗಳು ನಿಂತ ಕೋವಿ ತುಕ್ಕು ಹಿಡಿಯದೆ ಇರುತ್ತದೆಯೇ? ತಂದೆ ಎಣ್ಣೆಯ ಕುಪ್ಪಿ, ಹಳೆಯ ಬನಿಯನ್ನಿನ ತುಂಡು ಹಿಡಿದು ಠಾಣೆಗೆ ಹೋಗಿ, ಯಾರ ಕೋವಿ ಎಂದು ನೋಡದೆ ಎಲ್ಲದಕ್ಕೂ ಎಣ್ಣೆ ಹಚ್ಚಿ ಬರುತ್ತಿದ್ದರು. "ಪೊಲೀಸರು ಬೈತಿದ್ರು. ಅಪ್ಪ ಕೇಳ್ತಿರ್ಲಿಲ್ಲ. ಎಣ್ಣೆ ಕಾಣದ ಕಬ್ಬಿಣ ಕಂಡ್ರೆ ಅವರಿಗೆ ಊಟ ಸೇರ್ತಿರ್ಲಿಲ್ಲ" ಎಂದು ಲೀಲಾಧರರು ನೆನೆಯುತ್ತಾರೆ.

ಅವರು ಬಹರೈನಿಗೆ ಬಂದದ್ದು ಟುಬ್ಲಿಯ ಒಂದು ಗ್ಯಾರೇಜಿಗೆ ಫಿಟ್ಟರ್ ಆಗಿ. ಗ್ಯಾರೇಜು ಮುಚ್ಚಿದ ಮೇಲೆ ನಾಲ್ಕು ತಿಂಗಳು ಕೆಲಸವಿಲ್ಲದೆ ಅಲೆದರು. ಕೋವಿ ಬಿಚ್ಚಲು ಗೊತ್ತು ಎಂಬ ಒಂದು ಮಾತು ಕ್ಲಬ್ಬಿನ ಬಾಗಿಲು ತೆರೆಯಿತು. ಒಂಬತ್ತು ವರ್ಷವಾಯಿತು. ಇಲ್ಲಿ ಊರಿನ ಮಳೆ ಇಲ್ಲ. ಆದರೆ ಸುತ್ತಲೂ ಸಮುದ್ರ, ಬೇಸಿಗೆಯಲ್ಲಿ ಗಾಜಿನ ಮೇಲೆ ನೀರು ಇಳಿಯುವಷ್ಟು ತೇವ. ಅವರ ಕೈ ಎಣ್ಣೆಯ ಡಬ್ಬಿ ಬಿಡಲಿಲ್ಲ.

ಕಳೆದ ಏಪ್ರಿಲಿನಲ್ಲಿ ಬಫರ್ ತರಿಸಿದ್ದೂ ಅವರ ಮಾತಿನ ಮೇಲೆಯೇ. ಮೊದಲು ಅಲ್ಲಿದ್ದ ಕಬ್ಬಿಣದ ಪಿನ್ನುಗಳು ಏಟು ತಿಂದು ಸವೆದಿದ್ದವು. ಲೀಲಾಧರರು ಅವನ್ನು ಮ್ಯಾನೇಜರ್ ಐವಿಯವರಿಗೆ ತೋರಿಸಿದರು, ಐವಿ ಎರಡು ಪ್ಯಾಕೆಟ್ ತರಿಸಿಕೊಟ್ಟರು. ಒಂದು ಹಾಕಲು, ಇನ್ನೊಂದು ಮುಂದಿನ ವರ್ಷಕ್ಕೆ. ಐದು ತಿಂಗಳು ರೈಫಲ್‌ಗಳು ಚೆನ್ನಾಗಿ ನಡೆದವು. ಸೆಪ್ಟೆಂಬರಿನಲ್ಲಿ ಒಂದು ನಿಂತಿತು. ಗುಂಡು ಹಾರುತ್ತದೆ, ಮುಂದಿನದು ಮೇಲೆ ಬರುವುದಿಲ್ಲ. ಟ್ರಿಗರ್ ಒತ್ತಿದರೆ ಬರಿಯ ಟಿಕ್ ಎಂಬ ಶಬ್ದ. ಮರುವಾರ ಮೂರು ನಿಂತವು. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ಸಲ.

ಎಲ್ಲರೂ ಗುಂಡನ್ನು ಸಂಶಯಿಸಿದರು. ಅದಕ್ಕೆ ಕಾರಣವೂ ಇತ್ತು. ಸೆಪ್ಟೆಂಬರಿನ ಮೊದಲ ವಾರ ಸ್ಟೋರಿನ ಎ.ಸಿ. ಎರಡು ದಿನ ಕೆಟ್ಟು ನಿಂತಿತ್ತು. ಬಿಸಿಗೆ ಗುಂಡಿನ ಒಳಗಿನ ಮದ್ದು ಬಲ ಕಳೆದುಕೊಂಡರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಹೀಗೇ ಆಗಬಹುದು. ಶರೀಫ್ ಎ.ಸಿ. ಕೆಟ್ಟದ್ದನ್ನು ಆಫೀಸಿಗೆ ಬಾಯಲ್ಲಿ ಹೇಳಿದ್ದರು, ಬರೆದು ಕೊಟ್ಟಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಸಾಲು ಬಿತ್ತು: ಕಾರಣ, ಗುಂಡಿನ ದಾಸ್ತಾನಿನಲ್ಲಿ ಅಜಾಗರೂಕತೆ. ಹೊಣೆ, ಶರೀಫ್. ನವೆಂಬರಿಗೆ ಮುಗಿಯುವ ಅವರ ವೀಸಾ ನವೀಕರಿಸುವುದು ಬೇಡ ಎಂದು ಮಾಲೀಕರು ಹೇಳಿಯೂ ಆಯಿತು.

"ಬೇರೆಯವರು ಹೇಳಿದ್ದು ಬಿಡಿ" ಎನ್ನುತ್ತಾರೆ ಶರೀಫ್, ಕಿಟಕಿಯ ಹತ್ತಿರ ಚಹಾ ಕುಡಿಯುತ್ತ. "ನನಗೇ ಸಂಶಯ ಬಂತು. ನಾನೇ ಹಾಳು ಮಾಡಿದ್ನಾ ಅಂತ. ಪೆಟ್ಟಿಗೆ ಮುಟ್ಟಿ ಮುಟ್ಟಿ ನೋಡಿದೆ. ಮುಟ್ಟಿದ್ರೆ ಎಂತ ಗೊತ್ತಾಗ್ತದೆ?"

ಸ್ಪರ್ಧೆಗೆ ಮೂರು ದಿನ ಮೊದಲು, ಮಂಗಳವಾರ, ಲೀಲಾಧರರು ಆರನೇ ನಂಬರಿನ ರೈಫಲ್ ಬಿಚ್ಚಿದ್ದರು. ಬಫರ್ ಹೊರಗೆ ಬರಲಿಲ್ಲ. ಮೊದಲೆಲ್ಲ ಒಂದು ತಟ್ಟಿದರೆ ಅಂಗೈಗೆ ಬೀಳುತ್ತಿದ್ದ ತುಂಡು. ಚಿಮಟದಲ್ಲಿ ಎಳೆದು ತೆಗೆದರು. ಡ್ರಾಯರಿನಲ್ಲಿದ್ದ ಒಡೆಯದ ಪ್ಯಾಕೆಟ್ ಒಡೆದು ಹೊಸ ಬಫರ್ ಪಕ್ಕದಲ್ಲಿಟ್ಟರು. ವರ್ನಿಯರ್ ಅಳತೆಗೋಲು ಹಿಡಿದು ಅಳೆದರು. ಹಳೆಯದು ಹೊಸದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ. ಹದಿನಾಲ್ಕನ್ನೂ ತೆಗೆದು ಅಳೆದರು. ಎಲ್ಲವೂ ಉಬ್ಬಿದ್ದವು.

ಪ್ಯಾಕೆಟ್ಟಿನ ಒಳಗೆ ಮಡಚಿಟ್ಟ ಚೀಟಿ ಇತ್ತು. ಸಣ್ಣ ಅಕ್ಷರದ ಇಂಗ್ಲಿಷ್. ಬೆರಳಿಟ್ಟು ನಿಧಾನವಾಗಿ ಓದಿದರು. ನಾಲ್ಕನೇ ಸಾಲಿನಲ್ಲಿ ಇತ್ತು, ಎಣ್ಣೆ ತಾಗಿಸಬೇಡಿ ಎಂದು. ಏಪ್ರಿಲಿನ ಪ್ಯಾಕೆಟ್ಟಿನಲ್ಲೂ ಇದೇ ಚೀಟಿ ಇದ್ದಿರಬೇಕು.

"ಕಬ್ಬಿಣದ ಕೆಲಸಕ್ಕೆ ಎಣ್ಣೆ ಬೇಡ ಅಂತ ಯಾರಾದ್ರೂ ಬರೀತಾರಾ ಅಂತ ಎಣಿಸಿ ನಾನು ಓದಿರ್ಲೇ ಇಲ್ಲ. ಬಫರಿಗೂ ಹಚ್ಚಿದೆ, ಅದು ಎಣ್ಣೆ ಕುಡಿದು ಉಬ್ಬಿತು" ಎಂದು ಹೇಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ. "ಬಫರ್ ದಪ್ಪ ಆದ್ರೆ ಬೋಲ್ಟ್ ಪೂರ್ತಿ ಹಿಂದೆ ಹೋಗುದಿಲ್ಲ. ಬಸ್ಸು ಸ್ಟಾಪಿಗೆ ಬರುವ ಮೊದಲೇ ತಿರುಗಿದ ಹಾಗೆ. ಹತ್ತುವವರು ಅಲ್ಲೇ ನಿಲ್ತಾರೆ. ಗುಂಡಿನದ್ದು ಎಂತ ತಪ್ಪು?"

ಅವತ್ತೇ ಮಧ್ಯಾಹ್ನ ಆರನೇ ನಂಬರಿಗೆ ಹೊಸ ಬಫರ್ ಎಣ್ಣೆ ತಾಗಿಸದೆ ಹಾಕಿ, ಶರೀಫರ ಸ್ಟೋರಿನ ಅದೇ ಗುಂಡು ಹತ್ತು ಹೊಡೆದು ನೋಡಿದರು. ಹತ್ತೂ ಹೋದವು. ಆದರೆ ಆ ದಿನ ಅವರು ಯಾರಿಗೂ ಹೇಳಲಿಲ್ಲ. ಆಫೀಸಿನ ಬಾಗಿಲ ತನಕ ಎರಡು ಸಲ ಹೋಗಿ ಬಂದರು. ಒಮ್ಮೆ ಐವಿ ಫೋನಿನಲ್ಲಿದ್ದರು. ಇನ್ನೊಮ್ಮೆ ಅವರು ಒಬ್ಬರೇ ಇದ್ದರು, ಆಗಲೂ ಕಾಲು ಒಳಗೆ ಹೋಗಲಿಲ್ಲ. ಯಾರೂ ಕೇಳಿಲ್ಲ, ಯಾರಿಗೂ ಗೊತ್ತಿಲ್ಲ, ಬಫರ್ ಸುಮ್ಮನೆ ಬದಲಾಯಿಸಿಬಿಟ್ಟರೆ ಮುಗಿಯಿತು ಎಂಬ ಯೋಚನೆ ಬಂದದ್ದು ನಿಜ ಎಂದು ಅವರೇ ಹೇಳುತ್ತಾರೆ. ಸಂಜೆ ಸುಳ್ಯದಲ್ಲಿರುವ ಹೆಂಡತಿ ವಿನಿತಾ ಅವರಿಗೆ ಫೋನ್ ಮಾಡಿದರು. ಪೂರ್ತಿ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟು: "ನಿಮಗೆ ಹೇಳದೆ ಇರ್ಲಿಕ್ಕೆ ಆಗುದಿಲ್ಲ ಅಂತ ನನಗೆ ಗೊತ್ತುಂಟು. ಸರಿಯಾಗಿ ಊಟ ಮಾಡಿ, ನಾಳೆ ಹೋಗಿ ಹೇಳಿ."

ಬುಧವಾರ ಬೆಳಗ್ಗೆ ಹಳೆಯ ಬಫರ್, ಹೊಸ ಬಫರ್, ವರ್ನಿಯರ್, ಚೀಟಿ ನಾಲ್ಕನ್ನೂ ಐವಿಯವರ ಮೇಜಿನ ಮೇಲೆ ಇಟ್ಟರು. ಮಂಗಳೂರಿನವರಾದ, ಲೀಲಾಧರರು ಬಾಯಿ ಎಂದೇ ಕರೆಯುವ ಐವಿ ಮೇಡಂ ಎರಡು ಸಲ ಅಳೆದು ನೋಡಿದರು.

"ಆಚಾರ್ರೇ, ಒಂದು ರೈಫಲ್, ಹತ್ತು ಗುಂಡು. ಇದನ್ನು ಪ್ರೂಫ್ ಅಂತ ಓನರಿಗೆ ಹೇಗೆ ಹೇಳ್ಲಿ?"

"ಶುಕ್ರವಾರ ಹದಿನಾಲ್ಕಕ್ಕೂ ಅದೇ ಗುಂಡು ಕೊಡಿ ಬಾಯಿ. ಹೊಸತು ತರಿಸ್ಬೇಡಿ."

"ರೈಫಲ್ ನಿಂತ್ರೆ?"

"ನಿಂತ್ರೆ ನಾನು ಹೇಳಿದ್ದು ಸುಳ್ಳು."

"ನಿಲ್ಲದಿದ್ರೆ?"

"ತಪ್ಪು ನನ್ನದು."

ಐವಿ ಚೀಟಿಯನ್ನು ಮಡಚಿಟ್ಟು, "ಎರಡರಲ್ಲೂ ನಿಮಗೆ ಲಾಭ ಇಲ್ಲ ಅಲ್ವಾ ಮಾರಾಯ್ರೆ" ಎಂದರು. ಆಮೇಲೆ ಮಾಲೀಕರಿಗೂ ಶೂಟಿಂಗ್ ಜಾಗ ನೋಡಿಕೊಳ್ಳುವ ರೇಂಜ್ ಆಫೀಸರಿಗೂ ಫೋನ್ ಮಾಡಿ ಒಪ್ಪಿಸಿದರು.

ಹಾಗಾಗಿ ಈ ಬೆಳಗ್ಗೆ. ಐದೂವರೆಗೆ ಹದಿನಾಲ್ಕನೇ ಬಫರ್ ಕೂರುತ್ತದೆ. ಬೋಲ್ಟಿಗೆ ಎಣ್ಣೆ ಬೇಕು, ಬಫರಿಗೆ ಬೇಡ. ಬೋಲ್ಟಿಗೆ ಹಚ್ಚುವಾಗ ಅವರು ಕೈಗವಸು ಹಾಕುತ್ತಾರೆ, ಬಫರ್ ಮುಟ್ಟುವಾಗ ತೆಗೆಯುತ್ತಾರೆ. ಹಾಕಿದ್ದನ್ನು ಮತ್ತೆ ಬಿಚ್ಚಿ ಅಳೆಯುತ್ತಾರೆ. ಒಂಬತ್ತನೆಯದನ್ನು ಮೂರು ಸಲ ಬಿಚ್ಚಿದ್ದಾಗಿದೆ. "ಬಿಡಿ ಆಚಾರ್ರೇ, ಅಳೆದು ಅಳೆದೇ ಸವೀತದೆ ಅದು" ಎನ್ನುತ್ತಾರೆ ಶರೀಫ್.

ಏಳು ಗಂಟೆಗೆ ಹದಿನಾಲ್ಕು ಮಂದಿ ಸಾಲಾಗಿ ನಿಲ್ಲುತ್ತಾರೆ. ಒಬ್ಬರಿಗೆ ನಲವತ್ತು ಗುಂಡು, ಹತ್ತು ಹತ್ತು ಗುಂಡು ತುಂಬಿದ ನಾಲ್ಕು ಮ್ಯಾಗಜಿನ್. ಒಟ್ಟು ಐನೂರ ಅರವತ್ತು. ಹಳದಿ ಗೆರೆಯ ಹಿಂದೆ ಲೀಲಾಧರರು, ಅವರಿಂದ ಎರಡು ಹೆಜ್ಜೆ ದೂರದಲ್ಲಿ ಶರೀಫ್. ಇಬ್ಬರೂ ಗುರಿಹಲಗೆ ನೋಡುವುದಿಲ್ಲ. ಲೀಲಾಧರರ ಕಣ್ಣು ಬೋಲ್ಟಿನ ಮೇಲೆ, ಶರೀಫರ ಕಣ್ಣು ನೆಲಕ್ಕೆ ಬೀಳುವ ಖಾಲಿ ತೋಟೆಗಳ ಮೇಲೆ. ಮೊದಲ ಮ್ಯಾಗಜಿನ್ ಮುಗಿಯುತ್ತದೆ. ಎರಡನೆಯದು. ಮೂರನೆಯದು. ಲೀಲಾಧರರ ಬಲಗೈಯ ಹೆಬ್ಬೆರಳು ಪ್ರತಿ ಗುಂಡಿಗೂ ಪ್ಯಾಂಟಿನ ಹೊಲಿಗೆಯನ್ನು ಒತ್ತುತ್ತಿದೆ.

ನಾಲ್ಕನೇ ಮ್ಯಾಗಜಿನ್ನಿನ ಶುರುವಿಗೆ ಒಂಬತ್ತನೇ ನಂಬರ್ ನಿಲ್ಲುತ್ತದೆ.

ಹೊಡೆಯುತ್ತಿದ್ದವರು ಕೈ ಎತ್ತುತ್ತಾರೆ. ರೇಂಜ್ ಆಫೀಸರ್ ಎಲ್ಲರನ್ನೂ ನಿಲ್ಲಿಸಿ ಲೀಲಾಧರರನ್ನು ಕರೆಯುತ್ತಾರೆ. ಶರೀಫ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಲೀಲಾಧರರು ಹದಿನೈದು ಹೆಜ್ಜೆ ನಡೆದು ಹೋಗುತ್ತಾರೆ. ಬಗ್ಗಿ ನೋಡುತ್ತಾರೆ. ಒಳಗೆ ಗುಂಡಿಲ್ಲ. ಮ್ಯಾಗಜಿನ್ನಿನ ತಳವನ್ನು ಬೆರಳಿನಿಂದ ಮುಟ್ಟುತ್ತಾರೆ. ಅದು ಅಲುಗುತ್ತದೆ. ಹಾಕಿದವರು ಪೂರ್ತಿ ಒತ್ತಿರಲಿಲ್ಲ. ಅಂಗೈಯಿಂದ ಒಂದು ತಟ್ಟು, ಕ್ಲಿಕ್ ಎಂದು ಕೂರುತ್ತದೆ. ಅವರು ಹಿಂದೆ ಬರುತ್ತಾರೆ. ಉಳಿದ ಗುಂಡುಗಳೆಲ್ಲ ಹೋಗುತ್ತವೆ.

ಐನೂರ ಅರವತ್ತು. ಬಫರಿನಿಂದಲೋ ಗುಂಡಿನಿಂದಲೋ ನಿಂತದ್ದು ಒಂದೂ ಇಲ್ಲ.

"ಆಚಾರ್ರೇ" ಎಂದು ಶರೀಫ್ ಟೋಪಿ ಇಟ್ಟುಕೊಳ್ಳುತ್ತ ಹೇಳುತ್ತಾರೆ, "ನಿಮ್ಮ ಎಣ್ಣೆ ನನ್ನನ್ನು ವಿಟ್ಲದ ತನಕ ಜಾರಿಸ್ತಿತ್ತು." ಲೀಲಾಧರರು ಅವರ ತೋಳನ್ನು ಒಮ್ಮೆ ಹಿಡಿದು ಬಿಡುತ್ತಾರೆ.

ಹತ್ತು ಗಂಟೆಗೆ ಆಫೀಸಿನಲ್ಲಿ ಎರಡು ಕಾಗದ ತಯಾರಾಗುತ್ತವೆ. ಒಂದು ಶರೀಫರ ವೀಸಾ ನವೀಕರಣದ ಅರ್ಜಿ. ಇನ್ನೊಂದು ಲೀಲಾಧರರಿಗೆ ಎಚ್ಚರಿಕೆ ಪತ್ರ; ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಅದರಲ್ಲಿದೆ. ಅವರು ಈ ಸಲ ಪೂರ್ತಿ ಓದಿ ಸಹಿ ಹಾಕುತ್ತಾರೆ. ಐವಿ ದಾಖಲೆ ಪುಸ್ತಕ ತೆರೆಯುತ್ತಾರೆ. ಶರೀಫರ ಹೆಸರಿನ ಸಾಲು ಹೊಡೆದು ಹಾಕಿ ಎಂದು ಲೀಲಾಧರರು ಕೇಳುತ್ತಾರೆ. ಆಗುವುದಿಲ್ಲ ಎನ್ನುತ್ತಾರೆ ಐವಿ. ಬಂದೂಕಿನ ಪುಸ್ತಕ, ತಪಾಸಣೆಗೆ ಹೋಗುವಂಥದ್ದು, ಬರೆದದ್ದನ್ನು ಅಳಿಸುವ ಹಾಗಿಲ್ಲ. ಅದರ ಕೆಳಗೆ ಹೊಸ ಸಾಲು ಬರೆಯುತ್ತಾರೆ: ಕಾರಣ, ಬಫರಿಗೆ ಎಣ್ಣೆ. ಹೊಣೆ, ಎಲ್. ಆಚಾರ್ಯ.

ಮಧ್ಯಾಹ್ನ ರಿಪೇರಿ ಕೋಣೆಯ ಗೋಡೆಗೆ ಅವರು ಒಂದು ಕಾಗದ ಅಂಟಿಸುತ್ತಾರೆ. ಚೀಟಿಯ ನಾಲ್ಕನೇ ಸಾಲನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಅದನ್ನು ಓದಬಲ್ಲವರು ಕ್ಲಬ್ಬಿನಲ್ಲಿ ಅವರನ್ನು ಬಿಟ್ಟರೆ ಶರೀಫ್ ಮತ್ತು ಐವಿ ಮಾತ್ರ. ಮುಂದೆ ಏನಾಗಬೇಕು ಎಂದು ಆಸೆ ಎಂದು ಕೇಳಿದರೆ ಅವರ ಕೈ ತನ್ನಷ್ಟಕ್ಕೆ ಎಣ್ಣೆಯ ಡಬ್ಬಿಯ ಕಡೆ ಹೋಗಿ, ಹಿಂದೆ ಬರುತ್ತದೆ.

"ದೊಡ್ಡದು ಎಂತ ಇಲ್ಲ. ಆ ಪುಸ್ತಕ ಯಾರು ತೆಗೆದ್ರೂ ಮೇಲಿನ ಸಾಲು ಓದಿ ಮುಚ್ಚಬಾರ್ದು. ಕೆಳಗಿನದ್ದೂ ಓದ್ಬೇಕು. ನನ್ನ ಹೆಸರು ಅಲ್ಲಿ ಉಂಟು."